ನಿಡವಂದದಲ್ಲಿ ಏಳುವ ನಿಯಮ

ಗುಬ್ಬಿಯಲ್ಲಿ ಕದರಯ್ಯನ ಮನೆ ಎಲ್ಲಿ ಎಂದು ಕೇಳಿದರೆ ಯಾವ ಕದರಯ್ಯ ಎಂದು ತಿರುಗಿ ಕೇಳುತ್ತಾರೆ. ಪಾಸ್ ಕದರಯ್ಯ ಎಂದರೆ ಸಾಕು, ಸ್ಟೇಷನ್ ಮುಂದೆ ಟೀ ಕಾಸುವವನೂ ಕೈ ಮಾಡಿ ಬೀದಿ ತೋರಿಸುತ್ತಾನೆ. ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗಿನ ರೈಲ್ವೆ ಪಾಸು ಇಲ್ಲದೆ ಅವನನ್ನು ನೋಡಿದವರಿಲ್ಲ. ಮದುವೆ ಮನೆಗೆ ಬಂದರೂ ಅದು ಜೇಬಿನಲ್ಲಿ ಇಣುಕುತ್ತಿರುತ್ತಿತ್ತು.

ತೊಂಬತ್ತಮೂರರಲ್ಲಿ ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯ ಡಿಸ್ಪ್ಯಾಚ್ ಸೆಕ್ಷನ್ನಿಗೆ ವರ್ಗವಾದಾಗ ಅವನಿಗೆ ಮೂವತ್ತೆಂಟು ವರ್ಷ. ಅಲ್ಲೇ ಒಂದು ಮನೆ ಹಿಡಿಯೋಣ ಎಂದು ಹೆಂಡತಿ ಹೇಳಿದಳು. ರೈಲಿರುವಾಗ ಮನೆ ಯಾಕೆ ಎಂದ ಕದರಯ್ಯ. ಆವತ್ತಿನಿಂದ ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿ ಯಶವಂತಪುರದಲ್ಲಿ ಇಳಿಯುವುದು, ಸಂಜೆಯ ಗಾಡಿಗೆ ವಾಪಸು ಬರುವುದು. ಕೆಲವರಿಗೆ ದೇವಸ್ಥಾನ ಇರುವ ಹಾಗೆ ಅವನಿಗೆ ರೈಲು. ಯಾವ ಬೋಗಿಯ ಯಾವ ಕಿಟಕಿ ಕೆಳಗಿಳಿಯುವುದಿಲ್ಲ, ಯಾವ ಫ್ಯಾನಿಗೆ ಬಾಚಣಿಗೆ ತೂರಿಸಿ ಒಂದು ಸುತ್ತು ಕೊಟ್ಟರೆ ತಿರುಗಲು ಶುರುವಾಗುತ್ತದೆ, ಎದುರು ಗಾಡಿಗೆ ದಾರಿ ಬಿಡುವ ಕ್ರಾಸಿಂಗ್ ಯಾವ ಗಾಡಿಗೆ ಎಲ್ಲಿ, ಎಷ್ಟು ನಿಮಿಷ ನಿಲ್ಲುತ್ತದೆ, ಎಲ್ಲವೂ ಬಾಯಿಪಾಠ. ಮೀಟರ್ ಗೇಜಿನ ಪುಟ್ಟ ಬೋಗಿಗಳ ಕಾಲದ ಕಥೆಯನ್ನೂ ಹೇಳುತ್ತಿದ್ದ, ಆಮೇಲೆ ಬಂದ ಎರಡೂ ತುದಿಗೆ ಇಂಜಿನ್ನಿದ್ದ ಹೊಸ ಗಾಡಿಯ ವಿಷಯವನ್ನೂ ತಾನೇ ಖುದ್ದಾಗಿ ಮಂಜೂರು ಮಾಡಿಸಿದವನ ಹಾಗೆ ಹೇಳುತ್ತಿದ್ದ.

ಆದರೆ ಅವನು ನಿಜವಾಗಿ ಹೆಸರು ಮಾಡಿದ್ದು ಒಂದು ನಿಯಮದಿಂದ.

ಗುಬ್ಬಿಯಲ್ಲಿ ಹತ್ತುವವರಿಗೆ ಸೀಟು ಸಿಗುತ್ತಿತ್ತು. ತುಮಕೂರಿನಲ್ಲಿ ಹತ್ತುವವರಿಗೆ ಸಿಗುತ್ತಿರಲಿಲ್ಲ. ಅವರು ಬೆಂಗಳೂರಿನವರೆಗೂ ಕಂಬಿ ಹಿಡಿದು ನಿಂತು, ಕೂತವರ ತಲೆಯ ಮೇಲೆ ಟಿಫಿನ್ ಬ್ಯಾಗ್ ತೂಗಿಸಿಕೊಂಡು ಬರಬೇಕಿತ್ತು. ದಿನಾ ಒಂದಲ್ಲ ಒಂದು ಜಗಳ. ಅವನು ಓಡಾಡಲು ಶುರುಮಾಡಿದ ವರ್ಷವೇ ಒಂದು ಸಲ ತುಮಕೂರಿನಿಂದ ಬರುವ ಬ್ಯಾಂಕಿನ ನಾಗಭೂಷಣ್ ಅವರ ಅಂಗಿಯ ತೋಳೇ ಹರಿದು, ಅವರು ಹಾಗೇ ಹೋಗಿ ಕೌಂಟರಿನಲ್ಲಿ ಕೂತರು. ಮಾರನೆಯ ದಿನ ಕದರಯ್ಯ ಬೋಗಿಯ ನಡುವೆ ಎದ್ದು ನಿಂತು ತೀರ್ಪು ಕೊಟ್ಟ. ಗುಬ್ಬಿಯಿಂದ ಕೂತು ಬಂದವರು ಅರ್ಧ ದಾರಿಗೆ ಬರುವ ನಿಡವಂದ ಸ್ಟೇಷನ್ನಿನಲ್ಲಿ ಏಳಬೇಕು, ತುಮಕೂರಿನಿಂದ ನಿಂತು ಬಂದವರು ಅಲ್ಲಿಂದ ಮುಂದಕ್ಕೆ ಕೂರಬೇಕು. ತುಮಕೂರು ದಾಟಿ ಕ್ಯಾತ್ಸಂದ್ರದಲ್ಲಿ ಹತ್ತುವವರು ಎಲ್ಲಿಗೆ ಸೇರಿದವರು ಎಂಬ ತಕರಾರು ಒಂದು ವಾರ ನಡೆದು, ಕೊನೆಗೆ ಅವರೂ ತುಮಕೂರಿನವರೇ ಎಂದು ಇತ್ಯರ್ಥವಾಯಿತು.

ಹೇಳುವುದು ಸುಲಭ, ಬೆಚ್ಚಗೆ ಕೂತವನನ್ನು ಎಬ್ಬಿಸುವುದು ಸುಲಭವಲ್ಲ. ಕದರಯ್ಯ ಎಬ್ಬಿಸಿದ. ಗಾಡಿ ನಿಡವಂದದ ಹತ್ತಿರ ನಿಧಾನವಾಗುತ್ತಿದ್ದಂತೆ, "ನಿಡವಂದ ಬಂತು, ಏಳ್ರಪ್ಪೋ" ಎಂದು ಕೂಗಿ ಮೊದಲು ತಾನೇ ಏಳುತ್ತಿದ್ದ. ಜ್ವರ ಬಂದ ದಿನವೂ ಎದ್ದ. ಸೊಂಟ ಹಿಡಿದ ದಿನವೂ ಎದ್ದ. ವರ್ಷ ಕಳೆದಂತೆ ಗುಬ್ಬಿಯ ಮಂದಿ ನಿದ್ದೆಗಣ್ಣಿನಲ್ಲೇ ಎದ್ದು, ಕಂಬಿ ಹಿಡಿದು, ನಿಂತೇ ನಿದ್ದೆ ಮುಂದುವರಿಸುವಷ್ಟು ಪಳಗಿದರು. ಹದಿನೈದು ವರ್ಷ ಆ ಬೋಗಿಯಲ್ಲಿ ಸೀಟಿಗಾಗಿ ಒಂದು ಜಗಳವೂ ಆಗಲಿಲ್ಲ. ಸಣ್ಣ ಕೆಲಸವಲ್ಲ ಅದು, ಮೆಚ್ಚಲೇಬೇಕು.

ಇಷ್ಟು ನ್ಯಾಯವಂತ ಮನುಷ್ಯ ಭಾನುವಾರ ಮಾಡುತ್ತಿದ್ದ ಕೆಲಸವನ್ನೂ ಹೇಳಬೇಕಲ್ಲ.

ಅವನ ಅಕ್ಕ ತಿಪ್ಪಮ್ಮನನ್ನು ಕೊಟ್ಟಿದ್ದು ಹಾಗಲವಾಡಿಯಿಂದ ಮೂರು ಮೈಲಿ ಆಚೆಯ ಹಳ್ಳಿಗೆ. ಗಂಡ ತೀರಿಹೋದ ಮೇಲೆ ತೆಂಗಿನ ತೋಟ, ರಾಗಿ ಹೊಲ, ಎರಡು ಹಸು ಎಲ್ಲವನ್ನೂ ಒಬ್ಬಳೇ ನೋಡಿಕೊಂಡಿದ್ದ ಗಟ್ಟಿ ಹೆಂಗಸು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ನಿಧಾನವಾಗಿ, ತುಟಿ ಅಲುಗಿಸಿಕೊಂಡು ಓದುತ್ತಿದ್ದಳು. ಪಂಚಾಯಿತಿಗೆ ಮೆಂಬರಾಗಿದ್ದವಳು, ಎರಡನೇ ಅವಧಿಗೆ ಅಧ್ಯಕ್ಷ ಸ್ಥಾನದ ಮೀಸಲಾತಿ ಹೆಂಗಸರ ಕಡೆ ತಿರುಗಿದಾಗ, ಅಧ್ಯಕ್ಷೆಯೇ ಆದಳು. ಆವತ್ತಿನಿಂದ ಕದರಯ್ಯನಿಗೆ ಭಾನುವಾರದ ಕೆಲಸ ಸಿಕ್ಕಿತು. ಬೆಳಿಗ್ಗೆಯೇ ಬಸ್ಸು ಹತ್ತಿ ಹೋಗುತ್ತಿದ್ದ. ಕಾರ್ಯದರ್ಶಿ ಗುರುಸಿದ್ದಯ್ಯ ರಜೆಯ ದಿನವೂ ಬಂದು ಪಂಚಾಯಿತಿ ಕಚೇರಿಯ ಬೀಗ ತೆಗೆಯುತ್ತಿದ್ದ. ಕದರಯ್ಯ ಅಧ್ಯಕ್ಷರ ಕುರ್ಚಿಯಲ್ಲಿ ಕೂತು, ವಾರದ ಕಾಗದವನ್ನೆಲ್ಲ ಓದಿ, ಷರಾ ಬರೆದು, ಪೆನ್ಸಿಲಿನಲ್ಲಿ ಒಂದು ಸಣ್ಣ ಗುರುತು ಹಾಕಿ, "ಅಕ್ಕ, ಇಲ್ಲಿ ಸೈನ್ ಮಾಡು" ಎನ್ನುತ್ತಿದ್ದ. ತಿಪ್ಪಮ್ಮ ಗೋಡೆ ಪಕ್ಕದ ಬೆಂಚಿನಿಂದ ಎದ್ದು ಬಂದು ಸೈನ್ ಮಾಡಿ, ಮತ್ತೆ ಬೆಂಚಿಗೇ ಹೋಗಿ ಕೂರುತ್ತಿದ್ದಳು.

ಇದರಲ್ಲಿ ಅವನಿಗೆ ದುರಾಸೆ ಇರಲಿಲ್ಲ. ಅಕ್ಕನಿಗೆ ಗೊತ್ತಾಗುವುದಿಲ್ಲ, ತನಗೆ ಗೊತ್ತು, ಅಷ್ಟೇ ಅವನ ಯೋಚನೆ.

ಎರಡು ಸಾವಿರದ ಎಂಟರಲ್ಲಿ ದೇವನಹಳ್ಳಿಯ ಹೊಸ ಏರ್‌ಪೋರ್ಟ್ ಶುರುವಾದ ಒಂದೆರಡು ತಿಂಗಳಿಗೆ ತಿಪ್ಪಮ್ಮನಿಗೆ ಒಂದು ಕಾಗದ ಬಂತು. ದೆಹಲಿಯಲ್ಲಿ ಮಹಿಳಾ ಅಧ್ಯಕ್ಷರ ಸಮಾವೇಶ, ಜಿಲ್ಲೆಯಿಂದ ನಾಲ್ವರು, ಹೋಗಿ ಬರಲು ವಿಮಾನದ ಟಿಕೆಟ್ಟು. ಒಬ್ಬೊಬ್ಬರಿಗೂ ಮೈಕಿನ ಮುಂದೆ ಮೂರು ನಿಮಿಷ. ತಿಪ್ಪಮ್ಮ ಆ ಕಾಗದವನ್ನು ಎರಡು ಸಲ ಓದಿ ಮಡಿಸಿ, ದೇವರ ಗೂಡಿನಲ್ಲಿ ಇಟ್ಟಳು. ಅವಳಿಗೆ ಹೋಗಬೇಕೆಂಬ ಆಸೆ ಬಲವಾಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಹೊಸ ಸೀರೆಗೆ ಫಾಲ್ಸ್ ಹೊಲಿಸಲು ಕೊಟ್ಟಿದ್ದಳು.

ತುಮಕೂರಿನಿಂದ ಜೀಪು ಹೊರಡುತ್ತದೆ, ಕುಣಿಗಲ್ ಕಡೆಯ ಅಧ್ಯಕ್ಷೆ ಹನುಮಂತಮ್ಮನವರೂ ಅದರಲ್ಲೇ ಬರುತ್ತಾರೆ, ನೀವೂ ಬಂದುಬಿಡಿ ಎಂದು ಗುರುಸಿದ್ದಯ್ಯ ತಿಳಿಸಿದ. ಕದರಯ್ಯ ನಕ್ಕ.

"ಕುಣಿಗಲ್ನೋರು ಜೀಪಲ್ಲಿ ಹೋಗ್ಲಿ ಬುಡು, ಪಾಪ, ಅವರೂರಿಗೆ ರೈಲೆಲ್ಲೈತೆ? ನೆಲಮಂಗಲದ ಹತ್ರ ಲಾರಿಗಳ ಮಧ್ಯೆ ಸಿಕ್ಕಾಕೊಂಡ್ರೆ ವಿಮಾನ ಕಾಯ್ತದಾ? ಅಕ್ಕನ್ನ ನಾನು ರೈಲಲ್ಲೇ ಏರ್‌ಪೋರ್ಟ್‌ಗೆ ತಲುಪಿಸ್ತೀನಿ."

"ಏರ್‌ಪೋರ್ಟ್‌ಗೆ ರೈಲಿದ್ಯಾ ಸಾರ್?" ಎಂದ ಗುರುಸಿದ್ದಯ್ಯ.

"ದೇವನಹಳ್ಳಿಗೈತಲ್ಲ! ಯಶವಂತಪುರದಲ್ಲಿ ಇಳಿದು ಚಿಕ್ಕಬಳ್ಳಾಪುರ ಪ್ಯಾಸೆಂಜರ್ ಹಿಡಿಯೋದು, ದೇವನಹಳ್ಳೀಲಿ ಇಳಿಯೋದು, ಅಲ್ಲಿಂದ ಒಂದು ಆಟೋ. ಟೈಮ್‌ಟೇಬಲ್ ನೋಡಿವ್ನಿ. ಇನ್ನೂ ಎರಡು ಗಂಟೆ ಮಿಗ್ತದೆ."

ಆ ದಾರಿಯಲ್ಲಿ ಅವನು ಒಂದು ಸಲವೂ ಹೋಗಿರಲಿಲ್ಲ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಹೇಳುವಂಥ ಸಂಗತಿ ಎಂದು ಅವನಿಗೆ ಅನ್ನಿಸಲೂ ಇಲ್ಲ. ಹೊರಡುವ ಹಿಂದಿನ ಸಂಜೆ ಯಶವಂತಪುರದಲ್ಲಿ ಜನರ ನಡುವೆ ದಾರಿ ಮಾಡಿಕೊಂಡು ಕೌಂಟರಿಗೆ ಹೋಗಿ, ಮಾರನೆಯ ದಿನಕ್ಕೆ ದೇವನಹಳ್ಳಿಯ ಟಿಕೆಟ್ಟು ಕೊಡುತ್ತೀರಾ ಎಂದು ವಿಚಾರಿಸಿದ. ಬೆಳಿಗ್ಗೆ ಗುಬ್ಬಿಯಲ್ಲೇ ತೆಗೆದುಕೊಳ್ಳಿ, ಪೂರ್ತಿ ದಾರಿಗೆ ಒಂದೇ ಟಿಕೆಟ್ಟು ಎಂದರು. ಬೆಳಿಗ್ಗೆ ಹಾಗೇ ಮಾಡಿದ. ಟಿಕೆಟ್ಟನ್ನು ಅಕ್ಕನ ಕೈಗೆ ಕೊಟ್ಟು, "ಸೆರಗಿಗೆ ಗಂಟು ಹಾಕ್ಕೋ, ಕಳೀಬ್ಯಾಡ" ಎಂದ. ವಿಮಾನದ ಟಿಕೆಟ್ಟು, ಅವಳ ವೋಟರ್ ಕಾರ್ಡು, ಅವಳು ದೆಹಲಿಯಲ್ಲಿ ಓದಬೇಕೆಂದು ತಾನೇ ಬರೆದಿದ್ದ ಭಾಷಣ, ತನ್ನ ಟಿಫಿನ್ ಬಾಕ್ಸು, ಎಲ್ಲವನ್ನೂ ತನ್ನ ರೆಕ್ಸಿನ್ ಬ್ಯಾಗಿನಲ್ಲಿ ಇಟ್ಟುಕೊಂಡ. ಭಾಷಣದಲ್ಲಿ ಮೂರು ಪುಟ ತುಮಕೂರು ಲೈನಿಗೆ ಇನ್ನೂ ಎರಡು ಗಾಡಿ ಬೇಕು ಎಂಬುದೇ ಇತ್ತು.

ಆವತ್ತು ಬೋಗಿಯಲ್ಲಿ ತಿಪ್ಪಮ್ಮನಿಗೆ ಕಿಟಕಿ ಪಕ್ಕದ ಸೀಟು. ತುಮಕೂರಿನಲ್ಲಿ ನಾಗಭೂಷಣ್ ಹತ್ತಿದರು. ವಿಷಯ ತಿಳಿದು ಕೈ ಮುಗಿದರು. ಕ್ಯಾತ್ಸಂದ್ರ ಆಯಿತು, ಹಿರೇಹಳ್ಳಿ ಆಯಿತು. ಗಾಡಿ ನಿಧಾನವಾಯಿತು.

"ನಿಡವಂದ ಬಂತು, ಏಳ್ರಪ್ಪೋ."

ಎಲ್ಲರೂ ಎದ್ದರು. ಕದರಯ್ಯ ಅಕ್ಕನ ಕಡೆ ತಿರುಗಿ, "ನೀನೂ ಏಳಕ್ಕ" ಎಂದ.

"ಅಯ್ಯೋ, ಅವರು ಕೂತ್ಕೊಳ್ಳಲಿ ಬಿಡ್ರಿ ಕದರಯ್ಯ, ವಯಸ್ಸಾದೋರು" ಎಂದರು ನಾಗಭೂಷಣ್.

"ಅಧ್ಯಕ್ಷರಿಗೊಂದು, ನಮಗೊಂದು ಅಂತ ನಿಯಮ ಇಲ್ಲ ಸಾರ್."

ತಿಪ್ಪಮ್ಮ ಮಂಡಿ ನೋವಿನಲ್ಲೇ ಎದ್ದು ಕಂಬಿ ಹಿಡಿದಳು. "ಯಾಕ್ಲಾ ಏಳ್ಬೇಕು? ನಾವು ಮೊದ್ಲು ಬಂದು ಕೂತಿದ್ವಲ್ಲ?"

"ಮೊದ್ಲು ಸಿಕ್ತು ಅಂತ ಸೀಟು ನಮ್ಮಪ್ಪಂದಾಗಲ್ಲ ಕಣಕ್ಕ. ನಮಗೆ ಗುಬ್ಬೀಲಿ ಸಿಕ್ತು, ಕೂತ್ವಿ. ಅವರದ್ದೂ ಸೀಟೇ ಅದು. ಕೂತೋನು ತಾನಾಗೇ ಏಳ್ಬೇಕು, ನಿಂತೋನು ಕೇಳೋ ಹಂಗೆ ಮಾಡ್ಬಾರ್ದು."

ತಿಪ್ಪಮ್ಮ ತಾನು ಬಿಟ್ಟೆದ್ದ ಸೀಟಿನ ಕಡೆ ಒಮ್ಮೆ ನೋಡಿದಳು. ಆಮೇಲೆ, "ಒಳ್ಳೇ ನಿಯಮ ಕಣ್ಲಾ ಕದ್ರ" ಎಂದಳು. ಕದರಯ್ಯನಿಗೆ ಖುಷಿಯಾಯಿತು. ಅಕ್ಕ ಯಾವತ್ತೂ ಅವನನ್ನು ಸುಮ್ಮಸುಮ್ಮನೆ ಹೊಗಳಿದವಳಲ್ಲ.

ಯಶವಂತಪುರದಲ್ಲಿ ಇಳಿದು ಚಿಕ್ಕಬಳ್ಳಾಪುರದ ಗಾಡಿ ಹತ್ತುವವರೆಗೂ ಎಲ್ಲ ಅವನ ಲೆಕ್ಕದಂತೆಯೇ ನಡೆಯಿತು. ಗಾಡಿ ಸಲೀಸಾಗಿ ಯಲಹಂಕದ ಕಡೆ ಹೊರಟಿತು. ಕೋಡಿಗೇಹಳ್ಳಿ ದಾಟಿದ ಮೇಲೆ ಟಿಕೆಟ್ ಎಗ್ಸಾಮಿನರ್ ಬಂದರು. ತಿಪ್ಪಮ್ಮ ಸೆರಗಿನ ಗಂಟು ಬಿಚ್ಚಿ ಟಿಕೆಟ್ಟು ತೋರಿಸಿದಳು. ಕದರಯ್ಯ ಎರಡು ಬೆರಳಲ್ಲಿ ಜೇಬಿನಿಂದ ಪಾಸನ್ನು ಎತ್ತಿ ಹಿಡಿದ. ಹದಿನೈದು ವರ್ಷದಿಂದ ಹೀಗೆ ಎತ್ತಿ ಹಿಡಿದರೆ ಎಗ್ಸಾಮಿನರುಗಳು ಮುಂದಕ್ಕೆ ಹೋಗುತ್ತಿದ್ದರು. ಇವರು ಹೋಗಲಿಲ್ಲ.

"ಇದು ಗುಬ್ಬಿ–ಬೆಂಗಳೂರು ಪಾಸು. ಈ ಲೈನಿಗೆ ನಡೆಯಲ್ಲ. ಟಿಕೆಟ್ ತೋರಿಸಿ."

ಕದರಯ್ಯನ ಮುಖ ಕಪ್ಪಿಟ್ಟಿತು. ಬೆಳಿಗ್ಗೆ ಕೌಂಟರಿನಲ್ಲಿ ಒಂದು ಟಿಕೆಟ್ಟು ಎಂದು ಕೇಳಿದ್ದು ಅವನಿಗೆ ಈಗ ನೆನಪಾಯಿತು. ತನಗೂ ಒಂದು ಬೇಕು ಎನ್ನುವುದೇ ಹೊಳೆದಿರಲಿಲ್ಲ. ರೈಲು ಎಂದ ಮೇಲೆ ಪಾಸು ಇದೆಯಲ್ಲ! ಟಿಕೆಟ್ಟು ಕೊಳ್ಳುವುದು ಅಪರೂಪಕ್ಕೆ ರೈಲು ಹತ್ತುವ ಜನರ ಕೆಲಸ. ತಪ್ಪಾಯಿತು ಎಂದು ಅಷ್ಟಕ್ಕೇ ಬಿಟ್ಟಿದ್ದರೆ ಅಲ್ಲೇ ದಂಡದ ರಸೀದಿ ಹರಿದು ಮುಗಿಸುತ್ತಿದ್ದರು. ಇವನು ಬಿಡಲಿಲ್ಲ. ತಾನು ಹದಿನೈದು ವರ್ಷದ ಪ್ಯಾಸೆಂಜರ್ ಎಂದ. ಅಕ್ಕ ಅಧ್ಯಕ್ಷೆ ಎಂದ. ಗಾಡಿ ಯಲಹಂಕಕ್ಕೆ ಬಂದು ನಿಲ್ಲುವಾಗ ಎಗ್ಸಾಮಿನರ್ ಸೋತು, "ಕೆಳಗೆ ಬನ್ನಿ, ಆಫೀಸಲ್ಲಿ ಮಾತಾಡೋಣ" ಎಂದರು.

"ನೀನು ಕೂತಿರಕ್ಕ. ಇಲ್ಲಿ ಕ್ರಾಸಿಂಗ್ ಐತೆ, ಹತ್ತು ನಿಮಿಷ ನಿಲ್ತದೆ. ಈಗ್ಬಂದೆ" ಎಂದು ಹೇಳಿ ಕದರಯ್ಯ ಇಳಿದ.

ಕ್ರಾಸಿಂಗ್ ಇರಲಿಲ್ಲ. ಅದು ಟೈಮ್‌ಟೇಬಲ್ ನೋಡಿ ಅವನು ತಾನೇ ಕೂಡಿ ಕಳೆದು ಕಂಡುಹಿಡಿದ ಕ್ರಾಸಿಂಗ್. ಆಫೀಸಿನಲ್ಲಿ ರಸೀದಿಗೆ ಹೆಸರು ಬರೆಸುತ್ತಿರುವಾಗ ಹೊರಗೆ ಸೀಟಿ ಕೇಳಿಸಿತು. ಓಡಿ ಬಂದ. ಗಾಡಿಯ ಕೊನೆಯ ಬೋಗಿ ಪ್ಲಾಟ್‌ಫಾರ್ಮ್ ಬಿಟ್ಟು ಹೋಗುತ್ತಿತ್ತು.

ಐವತ್ತಮೂರು ವರ್ಷದ ಮನುಷ್ಯನಿಗೆ ಪ್ಲಾಟ್‌ಫಾರ್ಮಿನ ನಡುವೆ ಅಳು ಬಂತು. ಅಕ್ಕ ಎಲ್ಲಿ ಇಳಿಯುತ್ತಾಳೆ? ದೇವನಹಳ್ಳಿ ಬಂತು ಎಂದು ಅವಳಿಗೆ ಹೇಳುವವರು ಯಾರು? ಅವಳ ಹತ್ತಿರ ಮೊಬೈಲ್ ಇಲ್ಲ. ಬ್ಯಾಗು ಮೇಲಿನ ಹಲಗೆಯ ಮೇಲಿದೆ, ಅದನ್ನು ತೆಗೆದುಕೊಂಡಳೋ ಇಲ್ಲವೋ. ವಿಮಾನ ತಪ್ಪಿದರೆ ತಪ್ಪಲಿ, ಅಕ್ಕನೇ ತಪ್ಪಿಹೋದರೆ? ಜೀಪಿನಲ್ಲಿ ಕಳಿಸಿದ್ದರೆ ಏನಾಗುತ್ತಿತ್ತು ನಿನಗೆ ಎಂದು ತನ್ನನ್ನು ತಾನೇ ಬೈದುಕೊಂಡ. ಬಸ್ಸು ಹಿಡಿದು ದೇವನಹಳ್ಳಿಗೆ ಹೋಗಿ, ಸ್ಟೇಷನ್ನಿಗೆ ಓಡಿದ. ಅಲ್ಲಿ ಒಬ್ಬ ಮುದುಕ ಮೇಕೆ ಕಾಯುತ್ತಿದ್ದ. ಗಾಡಿ ಬಂದು ಹೋಗಿ ಬಹಳ ಹೊತ್ತಾಯಿತು, ಅಂಥ ಹೆಂಗಸು ಯಾರೂ ಇಳಿಯಲಿಲ್ಲ ಎಂದ.

ಆಟೋದವನಿಗೆ ಕೇಳಿದಷ್ಟು ಕೊಟ್ಟು ಏರ್‌ಪೋರ್ಟಿಗೆ ಹೋದ. ದೊಡ್ಡ ಗಾಜಿನ ಬಾಗಿಲು, ಮುಂದೆ ಬಂದೂಕು ಹಿಡಿದ ಪೊಲೀಸಿನವರು. ಟಿಕೆಟ್ ಇಲ್ಲದವರಿಗೆ ಒಳಗೆ ಬಿಡುವುದಿಲ್ಲ ಎಂದರು. ಬೆಳಿಗ್ಗೆಯಿಂದ ಆ ಮಾತು ಅವನಿಗೆ ಎರಡನೆಯ ಸಲ. ಏನೂ ತೋಚದೆ ಹೊರಗೆ ಗಾಡಿ ನಿಲ್ಲಿಸುವ ಕಡೆ ಬಂದಾಗ ತುಮಕೂರಿನ ಜೀಪು ಕಾಣಿಸಿತು. ಡ್ರೈವರ್ ಅಡವಿಯಪ್ಪ ಬಾನೆಟ್ಟಿಗೆ ಒರಗಿ ಬನ್ ತಿನ್ನುತ್ತಿದ್ದ.

"ನಮ್ಮಕ್ಕ... ತಿಪ್ಪಮ್ಮ ಅಂತ..."

"ಓ, ಗುಬ್ಬಿ ಅಧ್ಯಕ್ಷರಾ? ನಮಗಿಂತ ಮೊದ್ಲೇ ಬಂದು ಇಲ್ಲಿ ಕೂತಿದ್ರಲ್ಲ ಸಾರ್. ಹೂವಿನ ಟೆಂಪೋದಲ್ಲಿ ಇಳಿದ್ರಂತೆ. ಹನುಮಂತಮ್ಮೋರು ಬಾಗಿಲಲ್ಲಿ ಹೆದರ್ಕೊಂಡು ನಿಂತಿದ್ರೆ, ಇವರೇ ಕೈ ಹಿಡ್ಕೊಂಡು ಒಳಗೆ ಕರ್ಕೊಂಡೋದ್ರು."

ಕದರಯ್ಯ ಅಲ್ಲೇ ಕಟ್ಟೆಯ ಮೇಲೆ ಕೂತ. ಜೀವ ಬಂದಂತಾಯಿತು. ಆಕಾಶಕ್ಕೆ ಕೈ ಮುಗಿದ. ಒಂದು ಲೋಟ ನೀರು ಕುಡಿದ ಮೇಲೆ ಇನ್ನೊಂದು ಭಾವನೆ ಮೆಲ್ಲಗೆ ತಲೆಯೆತ್ತಿತು. ಅದು ಖುಷಿಯಲ್ಲ. ತಾನಿಲ್ಲದೆಯೂ ಅಕ್ಕ ತಲುಪಿದ್ದಳು, ಅದೂ ಜೀಪಿಗಿಂತ ಮೊದಲು. ಅವನಿಗೆ ನೋವಾಯಿತು. ಹಾಗೆ ನೋವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ರಾತ್ರಿ ತಿಪ್ಪಮ್ಮ ದೆಹಲಿಯಿಂದ ಮಾತಾಡಿದಳು, ನಾಲ್ವರ ಜೊತೆಗೆ ಹೋಗಿದ್ದ ಜಿಲ್ಲಾ ಕಚೇರಿಯ ಮೇಡಮ್ಮಿನ ಫೋನಿನಲ್ಲಿ.

"ನೀನು ಬರ್ಲಿಲ್ಲ ಅಂತ ಭಯ ಆಯ್ತು ಕಣ್ಲಾ. ಆಮೇಲೆ ಬ್ಯಾಗ್ ಇಳಿಸ್ಕೊಂಡು ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಕೊಂಡು ಕೂತಿದ್ದೋಳನ್ನ ಕೇಳ್ದೆ. ದೇವನಹಳ್ಳಿ ಯಾಕಮ್ಮ, ದೊಡ್ಡಜಾಲದಲ್ಲೇ ಇಳಿ, ಅದೇ ಹತ್ರ ಅಂದ್ಲು. ಅವಳ ಗಂಡನ ಟೆಂಪೋ ಬಂದಿತ್ತು, ಬಿಟ್ಟೋದ್ರು. ನಿನ್ನ ಚಿತ್ರಾನ್ನ ನಾನೂ ಹನುಮಂತಮ್ಮನೂ ತಿಂದ್ವಿ. ಉಪ್ಪು ಕಮ್ಮಿ ಆಗಿತ್ತು."

"ಭಾಷಣ ಐತಲ್ಲ ಬ್ಯಾಗಲ್ಲಿ?"

"ಐತೆ ಐತೆ" ಎಂದಳು ತಿಪ್ಪಮ್ಮ.

ಆ ಭಾಷಣವನ್ನು ಅವಳು ಓದಲಿಲ್ಲ. ನಮ್ಮ ಪಂಚಾಯಿತಿ ಕಚೇರಿಯಲ್ಲಿ ಹೆಂಗಸರಿಗೆ ಒಂದು ಕಕ್ಕಸಿಲ್ಲ, ಮೀಟಿಂಗು ಮುಗಿಯುವವರೆಗೂ ನೀರು ಕುಡಿಯದೆ ಕೂರುತ್ತೇವೆ, ಅದಕ್ಕೇ ಹೆಂಗಸರು ಮೀಟಿಂಗಿಗೆ ಬರುವುದಿಲ್ಲ ಎಂದು ಮೂರು ನಿಮಿಷದಲ್ಲಿ ಒಂದು ನಿಮಿಷ ಮಾತ್ರ ಮಾತಾಡಿ ಇಳಿದಳು. ಇದು ಕದರಯ್ಯನಿಗೆ ಗೊತ್ತಾಗಿದ್ದು ಅವಳು ವಾಪಸು ಬಂದ ಮೇಲೆ, ಅದೂ ಗುರುಸಿದ್ದಯ್ಯನ ಬಾಯಿಂದ.

ಮುಂದಿನ ಭಾನುವಾರ ಕದರಯ್ಯ ಎಂದಿನಂತೆ ಹೋದ. ಗುರುಸಿದ್ದಯ್ಯ ಬೀಗ ತೆಗೆದ. ಎರಡು ವಾರದ ಕಾಗದ ಗುಡ್ಡೆ ಬಿದ್ದಿತ್ತು. ಕದರಯ್ಯ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ಪೆನ್ಸಿಲು ತೆಗೆದು ಗುರುತು ಹಾಕುತ್ತ ಹೋದ. ಹತ್ತು ಗಂಟೆಗೆ ತಿಪ್ಪಮ್ಮ ಬಂದಳು. ಬೆಂಚಿನ ಕಡೆ ಹೋಗಲಿಲ್ಲ. ಮೇಜಿನ ಪಕ್ಕದಲ್ಲಿ ಬಂದು ನಿಂತಳು.

"ಬಂದ್ಯಾ ಅಕ್ಕ? ತಗೋ, ಇಲ್ಲಿಂದ ಶುರು ಮಾಡಿ ಆರು ಕಡೆ ಸೈನ್ ಮಾಡು."

ತಿಪ್ಪಮ್ಮ ಪೆನ್ನು ತೆಗೆದುಕೊಳ್ಳಲಿಲ್ಲ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ರೈಲಿನಲ್ಲಿ ಅವನು ಕೂಗುತ್ತಿದ್ದ ಹಾಗೆಯೇ, ಅದೇ ರಾಗದಲ್ಲಿ ಹೇಳಿದಳು.

"ನಿಡವಂದ ಬಂತು. ಏಳ್ಲಾ ಕದ್ರ."

ಹದಿನೈದು ವರ್ಷದಿಂದ ಆ ಊರಿನ ಹೆಸರು ಕಿವಿಗೆ ಬಿದ್ದರೆ ಕದರಯ್ಯನ ಕಾಲುಗಳು ಅವನ ತಲೆಯನ್ನು ಕೇಳುತ್ತಿರಲಿಲ್ಲ. ಅವನು ಎದ್ದುಬಿಟ್ಟಿದ್ದ. ಎದ್ದು ನಿಂತ ಮೇಲೆ ಮಾತು ತಲೆಗೆ ಹೋಯಿತು. ಮುಖ ಬಿಸಿಯಾಯಿತು. ಕೂತವನು ತಾನಾಗೇ ಏಳಬೇಕು, ನಿಂತವನು ಕೇಳುವ ಹಾಗೆ ಮಾಡಬಾರದು ಎಂದು ಹೇಳಿದವನು ತಾನೇ. ಅಕ್ಕ ಕೇಳುವ ಹಾಗೆ ಮಾಡಿದ್ದ. ಪೆನ್ಸಿಲನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದ.

ತಿಪ್ಪಮ್ಮ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಕೂತಳು. ಕಾಗದದ ಕಟ್ಟನ್ನು ತಿರುಗಿಸಿ ಮೊದಲನೆಯದನ್ನು ಮೇಲಕ್ಕಿಟ್ಟಳು. "ಗುರುಸಿದ್ದಯ್ಯ, ನಾನು ನಿಧಾನಕ್ಕೆ ಓದ್ತೀನಿ. ತಿಳೀದೆ ಇದ್ದಿದ್ದು ಕೇಳ್ತೀನಿ, ಹೇಳು" ಎಂದಳು. ಆಮೇಲೆ ತುಟಿ ಅಲುಗಿಸುತ್ತ ಓದತೊಡಗಿದಳು.

ಗೋಡೆ ಪಕ್ಕದ ಬೆಂಚು ಖಾಲಿ ಇತ್ತು. ಕದರಯ್ಯ ಅಲ್ಲಿಗೆ ಹೋಗಿ ಕೂರಬಹುದಿತ್ತು. ಅವನು ಕೂರಲಿಲ್ಲ. ಕಿಟಕಿಯ ಕಂಬಿ ಹಿಡಿದುಕೊಂಡು, ಅಕ್ಕ ಮೊದಲನೆಯ ಕಾಗದ ಮುಗಿಸುವವರೆಗೂ ನಿಂತೇ ಇದ್ದ.